ಅಣ್ಣನ ಕಹಿ ಜಾಡಿ

ಬೇಡ ಅತ್ತಿಗೆ, ಆ ಸ್ಟೂಲ್ ಮೇಲೆ ಮಾತ್ರ ಕೂರಬೇಡಿ. ಈ ಕಡೆಯದು ತಗೊಳ್ಳಿ, ಒರೆಸಿಟ್ಟಿದ್ದೀನಿ. ಅದು ಅಣ್ಣಂದು, ಯಾರಿಗೂ ಕೊಡಲ್ಲ ನಾನು. ಐಸ್ ತರೋನು ಮೊನ್ನೆ ಗೊತ್ತಿಲ್ಲದೆ ಕೂತುಬಿಟ್ಟಿದ್ದ, ಎಬ್ಬಿಸಿ ನಿಲ್ಲಿಸಿದೆ... ಹೂಂ, ಅವನೂ ಹಾಗೇ ನೋಡಿದ, ನೀವೀಗ ನೋಡ್ತಿದ್ದೀರಲ್ಲ, ಹಾಗೇ. ಇವಳಿಗೆ ತಲೆ ಕೆಟ್ಟಿದೆ ಅಂತ. ಅಂದ್ಕೊಳ್ಳಲಿ ಬಿಡಿ. ಬಾರ್ ನಡೆಸೋರಿಗೆ ಸ್ವಲ್ಪ ಕೆಟ್ಟಿದ್ರೇನೇ ಒಳ್ಳೇದು.

ಶಟರ್ ಅರ್ಧ ಎಳೆದಿರೋದು ಬೇಕಂತಲೇ. ಪೂರ್ತಿ ಎತ್ತಿದ್ರೆ ಗಿರಾಕಿಗಳು ನುಗ್ಗಿಬಿಡ್ತಾರೆ. ಈ ಮಧ್ಯಾಹ್ನ ನಮ್ಮಿಬ್ಬರದು. ನೀವೇ ತಾನೆ ಮೆಟ್ಟಿಲ ಮೇಲೆ ನಿಂತು ಹೇಳಿದ್ದು, "ಅವರು ಮಾಡ್ತಿದ್ದ ಡ್ರಿಂಕ್ ಅವರ ಹಾಗೇ ಮಾಡಿ ಕೊಡು, ಬಾರ್ ನೀನೇ ನಡೆಸು. ಆಗಲ್ಲ ಅಂದ್ರೆ ಪಕ್ಕದ ಚಪ್ಪಲಿ ಅಂಗಡಿಯವರಿಗೆ ಬಿಟ್ಟುಕೊಡ್ತೀನಿ" ಅಂತ? ಅಣ್ಣ ತೀರಿಹೋದಮೇಲೆ ನೀವು ನನ್ನ ಹತ್ರ ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ. ಅದಕ್ಕೆ ಮುಂಚೆ ಬರೀ ಹೂಂ, ಉಹೂಂ. ಮೇಲಿನ ಮನೆಯಿಂದ ಈ ಹಿಂದಿನ ಬಾಗಿಲಿಗೆ ಎಷ್ಟು ಮೆಟ್ಟಿಲು ಮಹಾ? ಇಳಿದು ಬಂದಿದ್ದು ಇವತ್ತೇ ಮೊದಲು. ತಪ್ಪು ಅಂತ ಹೇಳ್ತಿಲ್ಲ ನಾನು. ಬರಕ್ಕೆ ಆಗಲ್ಲ ಅಂತ ಗೊತ್ತು ನನಗೆ.

ಯಾಕೆ ಎದ್ರಿ? ಕಿಟಕೀನಾ? ವಾಸನೆ... ಓ, ಹೌದು ಹೌದು, ವಾಸನೆ. ಚರಂಡಿದು. ಬೆಳಗ್ಗೆಯಿಂದ ನನಗೂ ತಲೆನೋವು ಅದರಿಂದ... ಚರಂಡಿ ಅಲ್ವಾ? ಆ ಡಬ್ಬದಲ್ಲಾ? ಅಯ್ಯೋ, ನಿಂಬೆ ಸಿಪ್ಪೆ. ಮೂರು ದಿನದ್ದು ಕೊಳೀತಿದೆ ನೋಡಿ. ಎಸೆಯೋಣ ಅಂತಲೇ ಇದ್ದೆ, ಕೆಲಸದಲ್ಲಿ ಮರೆತೇಹೋಯ್ತು. ಮೂಗಿಂದ ಕರ್ಚೀಫು ತೆಗೀರಿ ಈಗ, ಆಚೆ ಇಟ್ಟು ಬಂದೆ. ನಿಮಗೇನು ಶೀತಾನಾ? ಯಾವಾಗ ನೋಡಿದ್ರೂ ಅದನ್ನ ಮೂಗಿಗೆ ಹಿಡ್ಕೊಂಡೇ ಇರ್ತೀರಿ. ಅದೂ ಎಂಥ ಕರ್ಚೀಫು, ಶಾಯಿ ಚೆಲ್ಲಿದ ಹಾಗೆ ಕೆಂಪಗೆ ಕಲೆ. ಕೊಡಿ, ಸೋಪಲ್ಲಿ ನೆನೆಹಾಕ್ತೀನಿ. ಆಯ್ತು, ಆಯ್ತು, ಕಿತ್ಕೊಳ್ಳಲ್ಲ. ಅಷ್ಟು ಗಾಬರಿ ಯಾಕೆ.

ಸರಿ. ಶುರು ಮಾಡೋಣ. ಮೊದಲು ನಿಂಬೆಹಣ್ಣು. ಆಗಲೇ ಹಿಂಡಬೇಕು, ಹಿಂಡಿಟ್ಟಿದ್ದು ಹಾಕಿದ್ರೆ ಅಣ್ಣ ಗ್ಲಾಸೇ ಬಿಸಾಕ್ತಿದ್ದ. ಅವನ ಸಿಟ್ಟು ನಿಮಗೆ ನಾನು ಹೇಳಬೇಕಾ? ಈ ಡ್ರಿಂಕ್ ಹುಟ್ಟಿದ್ದೇ ಸಿಟ್ಟಲ್ಲಿ. ನೀವಾಗ ಮದುವೆಯಾಗಿ ಬಂದಿರಲಿಲ್ಲ. ಒಬ್ಬ ಗಿರಾಕಿ, ದರ್ಜಿ ಅವನು, ಕೂತು ಕೂತು ಕೊಂಕು ತೆಗೀತಿದ್ದ. ಇದರಲ್ಲಿ ಹುಳಿ ಇಲ್ಲ, ಇದರಲ್ಲಿ ಖಾರ ಇಲ್ಲ, ಏನಪ್ಪಾ ನೀರು ಕೊಡ್ತೀಯಲ್ಲ ಅಂತ. ಬೇರೆಯವರು ಬಿಟರ್ಸನ್ನ, ಅದೇ ಆ ಕಹಿ ಅರ್ಕಾನ, ಎರಡು ಹನಿ ಬಿಡ್ತಾರೆ, ಉಪ್ಪಿನಕಾಯಿ ಬೆರಳಲ್ಲಿ ನೆಕ್ಕಿದ ಹಾಗೆ. ಅಣ್ಣ ಹಲ್ಲು ಕಚ್ಚಿ ಅಳತೆ ಬಟ್ಟಲಿನ ತುಂಬ ಸುರಿದ. ವಿಸ್ಕಿ ಚೂರೇ ಚೂರು. ಕುಡಿ ಮಗನೇ, ಅಂದ. ಆ ದರ್ಜಿ ಕುಡಿದ. ಬಾಯಿಗೆ ಬೀಗ ಬಿದ್ದ ಹಾಗೆ ಕೂತ. ಆಮೇಲೆ ಮೆತ್ತಗೆ, ಇನ್ನೊಂದು ಕೊಡು, ಅಂದ.

ನಗು ಬಂತಲ್ಲ! ನೋಡಿದೆ, ಮುಚ್ಚಿಡಬೇಡಿ. ಅಣ್ಣನೂ ಈ ಕತೆ ಹೇಳಿದಾಗೆಲ್ಲ ನಗ್ತಿದ್ದ.

ಇದು ಬಾದಾಮಿ ಸಿರಪ್ಪು. ನೆನೆಸಿ, ಸಿಪ್ಪೆ ಸುಲಿದು, ಅರೆದು, ಬಟ್ಟೇಲಿ ಹಿಂಡಿ, ಸಕ್ಕರೆ ಹಾಕಿ ನಿನ್ನೆ ನಾನೇ ಮಾಡಿದೆ. ಕೈ ನೋವು ಇನ್ನೂ ಹೋಗಿಲ್ಲ. ಅಳತೆ ಇಲ್ಲಿಗೆ, ಬಟ್ಟಲಲ್ಲಿ ಈ ಗೀಟು ಇದೆಯಲ್ಲ, ಅಣ್ಣ ಮೊಳೆಯಿಂದ ಗೀಚಿದ್ದು. ಗೀಟು ಇರೋವರೆಗೆ ನನಗೇನು ಭಯ? ಅಳತೆ ಸರಿ ಇದ್ರೆ ಎಲ್ಲ ಸರಿ ಇರುತ್ತೆ. ಅಲ್ವಾ?

ಏನಾದ್ರೂ ಅನ್ನಿ ಅತ್ತಿಗೆ. ಒಬ್ಬಳೇ ಬಡಬಡಿಸ್ತಿದ್ದೀನಿ.

ಬಿಟರ್ಸ್ ಜಾಡಿ ತರ್ತೀನಿ ಇರಿ. ಮೇಲಿನ ಶೆಲ್ಫಲ್ಲಿದೆ. ಅವನು ಮಾಡಿದ್ದರಲ್ಲಿ ಇದೊಂದೇ ಉಳಿದಿರೋದು. ಗಿರಾಕಿಗಳು ಕೇಳಿದ್ರು, ಎಷ್ಟೋ ಸಲ ಕೇಳಿದ್ರು. ಇಲ್ಲ, ಬಿಯರ್ ಕುಡೀರಿ, ಸುಮ್ನೆ ಕುಡೀರಿ, ಅಂದೆ. ಒಂದು ಹನಿ ತೆಗೆದಿಲ್ಲ ನಾನು ಇದರಿಂದ. ಆಣೆ ಮಾಡಿ ಹೇಳ್ತೀನಿ, ಮುಚ್ಚಳದ ಬಟ್ಟೆ ಕೂಡ ಬಿಚ್ಚಿಲ್ಲ. ಆದ್ರೂ... ಹೇಳಲಾ? ನಗಬಾರದು.

ಅಣ್ಣ ಬರ್ತಾನೆ ಇಲ್ಲಿಗೆ.

ತಮಾಷೆ ಮಾಡ್ತಿಲ್ಲ. ಬೆಳಗ್ಗೆ ನಾನು ಮಾರ್ಕೆಟ್ಟಿಗೆ ಹೋಗ್ತೀನಲ್ಲ ನಿಂಬೆಹಣ್ಣಿಗೆ, ಆಗ. ಬಾಗಿಲಿಗೆ ಬೀಗ ಹಾಕಿರ್ತೀನಿ. ಬಂದು ನೋಡಿದ್ರೆ ಈ ಸ್ಟೂಲು ತಿರುಗಿರುತ್ತೆ, ಯಾರೋ ಕೂತು ಎದ್ದ ಹಾಗೆ. ಜಾಡಿ ಹಿಂದಕ್ಕೆ ತಳ್ಳಿಟ್ಟಿರ್ತೀನಿ, ಮುಂದಕ್ಕೆ ಬಂದಿರುತ್ತೆ. ಧೂಳಿನ ಮೇಲೆ ಬೆರಳಿನ ಗುರುತು. ಕೌಂಟರ್ ಮೇಲೆ ಒಂದು ಸಣ್ಣ ಒದ್ದೆ ಉಂಗುರ. ಮೊದಲ ಸಲ ನೋಡಿದಾಗ ನಿಂಬೆಹಣ್ಣೆಲ್ಲ ನೆಲದ ಮೇಲೆ. ಆಮೇಲೆ ಅಭ್ಯಾಸ ಆಯ್ತು. ಈಗ ಬಾಗಿಲು ತೆಗೆಯೋ ಮುಂಚೆ ಕೆಮ್ತೀನಿ, ಪಾಪ ಅವನಿಗೆ ಗೊತ್ತಾಗಲಿ ಅಂತ. ಐಸ್ ತರೋನೂ ಹೇಳಿದ, ನನ್ನೊಬ್ಬಳ ಭ್ರಮೆ ಅಲ್ಲ ಇದು. "ಏನಕ್ಕಾ, ಅಣ್ಣ ಈಗಷ್ಟೇ ಎದ್ದುಹೋದ ಹಾಗೆ ವಾಸನೆ ಇದೆಯಲ್ಲ" ಅಂದ. ಇದೆ ಕಣೋ, ದಿನಾ ಇರುತ್ತೆ, ಅಂದೆ. ಲವಂಗ, ಕಿತ್ತಳೆ ಸಿಪ್ಪೆ, ಆ ಕಹಿ ಬೇರಿನದು... ಎಲ್ಲ ಗೊತ್ತಾಗುತ್ತೆ ನನಗೆ. ಬಾಗಿಲಲ್ಲೇ ಗೊತ್ತಾಗುತ್ತೆ.

ಯಾಕೆ ತಲೆ ತಗ್ಗಿಸಿದ್ರಿ? ಹೆದರಿದ್ರಾ? ನಿಮ್ಮ ಗಂಡ ತಾನೆ, ಹೆದರಿಕೆ ಯಾಕೆ? ನಿಮಗೆ ಹೇಳದೆ ನನ್ನ ಹತ್ರ ಬರ್ತಾನಲ್ಲ ಅಂತ ಹೊಟ್ಟೆಕಿಚ್ಚಾದ್ರೆ ಹೇಳಿ, ಅದು ಬೇರೆ ಮಾತು.

ಅಯ್ಯೋ, ಸುಮ್ನೆ ಅಂದೆ. ಅಳಬೇಡಿ. ಬಾಯಿ ಬಡುಕಿ ನಾನು, ಗೊತ್ತಲ್ಲ ನಿಮಗೆ. ನಾನಲ್ಲದೆ ಇನ್ಯಾರ ಹತ್ರ ಬರ್ತಾನೆ ಹೇಳಿ, ಇದು ನಮ್ಮಿಬ್ಬರ ಜಾಡಿ. ಬೇರು, ತೊಗಟೆ, ಲವಂಗ ಎಲ್ಲ ಅವನೇ ನೆನೆಹಾಕ್ತಿದ್ದ. ಆದ್ರೆ ಜಾಡಿ ಬಾಯಿ ಕಟ್ಟೋ ಮುಂಚೆ ಕೂಗ್ತಿದ್ದ, "ಗುಬ್ಬಿ, ಮೂಗು ಕೊಡು." ನಾನು ಎಲ್ಲಿದ್ರೂ ಓಡಿಬರ್ತಿದ್ದೆ. ಕಣ್ಣು ಮುಚ್ಚಿ ಮೂಸಿ, ಲವಂಗ ಹೆಚ್ಚಾಯ್ತು ಅಂತಲೋ, ಇನ್ನೊಂದು ವಾರ ಇರಲಿ ಅಂತಲೋ ಹೇಳಿದ್ರೆ ಮುಗೀತು. ನಾನು ಸಾಕು ಅನ್ನೋತನಕ ದಾರ ಕಟ್ತಿರಲಿಲ್ಲ. ಎಲ್ಲೂ ಬರೆದಿಟ್ಟಿಲ್ಲ ಅವನು. ಬರೆಯೋದ್ಯಾಕೆ, ಗುಬ್ಬಿ ಮೂಗು ಇದೆಯಲ್ಲ ಅಂತಿದ್ದ.

ನಿಮ್ಮನ್ನ ಒಂದು ಸಲವೂ ಕರೀಲಿಲ್ಲ ಅಲ್ವಾ. ನೀವು ಮೆಟ್ಟಿಲ ಮೇಲೆ ನಿಂತು ನೋಡ್ತಿದ್ರಿ. ನೋಡಿದ್ದೀನಿ ನಾನು.

ಇರಲಿ... ಈ ಗಂಟು ಬಿಚ್ಚಕ್ಕೇ ಬರ್ತಿಲ್ಲ. ಅಣ್ಣ ಇಷ್ಟು ಬಿಗಿಯಾಗಿ ಕಟ್ತಿರಲಿಲ್ಲಪ್ಪ. ಕತ್ತರಿ ಎಲ್ಲಿ... ಹಾಂ. ನೋಡಿ, ಅಂಚಿನವರೆಗೂ ಇದೆ, ಒಂದು ಬೆರಳೂ ಇಳಿದಿಲ್ಲ. ಬಂದು ಬರೀ ನೋಡಿ ಹೋಗ್ತಾನೆ, ಮುಟ್ಟಲ್ಲ. ತಡೀರಿ, ಮೊದಲು ನಾನು ಮೂಸ್ತೀನಿ...

ಆಹಾ.

ಅವನೇ. ಎದುರಿಗೇ ನಿಂತ ಹಾಗಿದೆ. ಎಷ್ಟು ಚೆನ್ನಾಗಿ ಹದ ಬಂದಿದೆ ಗೊತ್ತಾ, ಇಟ್ಟಷ್ಟೂ ಬರುತ್ತೆ ಇದು. ಏನು? ಏನೋ ಅನ್ನಕ್ಕೆ ಬಾಯಿ ತೆಗೆದ್ರಿ. ಏನಿಲ್ವಾ? ಸರಿ.

ಹಾಕ್ತಿದ್ದೀನಿ, ನೋಡ್ಕೊಳ್ಳಿ. ಕಹಿ ತುಂಬ, ಗೀಟು ದಾಟಿ. ಬಾದಾಮಿ. ನಿಂಬೆ. ವಿಸ್ಕಿ ಚೂರು. ಐಸ್ ಹಾಕಿ ಈಗ ಕುಲುಕಬೇಕು, ಭುಜ ಬೀಳೋ ಹಾಗೆ. ಆಸ್ಪತ್ರೆಯಿಂದ ಬಂದಮೇಲೆ ಮೊದಮೊದಲು ಒಂದು ಬಾಟಲಿ ಎತ್ತಕ್ಕೆ ಆಗ್ತಿರಲಿಲ್ಲ ನನಗೆ. ಅಣ್ಣನಿಗೂ ನನಗೂ ಒಂದೇ ಜ್ವರ, ನಡುವೆ ಬರೀ ಒಂದು ಪರದೆ. ಆ ಕಡೆಯಿಂದ ಅವನ ಕೆಮ್ಮು ಕೇಳ್ತಿತ್ತು, ಆಮೇಲೆ ಕೇಳಲಿಲ್ಲ. ನಾನು ಮಾತ್ರ ಎದ್ದು ಬಂದೆ. ಪೂರ್ತಿ ಎದ್ದು ಬಂದೆ, ಏನೂ ಆಗಿಲ್ಲ ನನಗೆ, ಡಾಕ್ಟರೂ ಹೇಳಿದ್ರು, ಏನಿದ್ರೂ ನಿಧಾನಕ್ಕೆ ವಾಪಸ್ ಬರುತ್ತೆ ಅಂತ... ಶಕ್ತಿ. ಶಕ್ತಿ ವಾಪಸ್ ಬರುತ್ತೆ ಅಂತ.

ತಗೊಳ್ಳಿ. ಬಣ್ಣ ಸ್ವಲ್ಪ ಮಂಕು, ಅಲ್ವಾ? ಶಟರ್ ಅರ್ಧ ಇದೆಯಲ್ಲ, ಬೆಳಕು ಸಾಲದು. ಇಟ್ಟಿಗೆ ಬಣ್ಣ ಬರಬೇಕು ಇದಕ್ಕೆ. ನೊರೆಯೂ... ಅಣ್ಣಂದು ದಪ್ಪಗೆ ನಿಲ್ತಿತ್ತು, ಅದರ ಮೇಲೆ ಒಂದು ಲವಂಗ ಇಟ್ಟು ತೋರಿಸ್ತಿದ್ದ, ಮುಳುಗ್ತಿರಲಿಲ್ಲ. ನಾನು ಇನ್ನೂ ಸ್ವಲ್ಪ ಕುಲುಕಬೇಕಿತ್ತೇನೋ. ಕುಡೀರಿ, ಕುಡೀರಿ. ರುಚಿ ಮುಖ್ಯ.

ಹೇಗಿದೆ?

ಮೊದಲು ಲವಂಗ ಬರುತ್ತೆ, ಆಮೇಲೆ ಹುಳಿ, ಅದು ಹೋಯ್ತು ಅನ್ನೋ ಹೊತ್ತಿಗೆ ಕಹಿ ಬಂದು ನಾಲಿಗೆ ಹಿಂದೆ ಕೂರುತ್ತೆ. ಬಂತಾ? ನಿಮ್ಮ ಮುಖ ನೋಡಿದ್ರೆ ಬಂತು ಅನ್ನಿಸುತ್ತೆ. ಅವನದೇ ತಾನೆ? ಹೇಳಿ, ಅವನದೇ ತಾನೆ?

ಯಾಕೆ ನನ್ನ ಕಡೆ ತಳ್ತಿದ್ದೀರಿ? ನಾನೂ ಕುಡೀಬೇಕಾ? ಆಗಲಿ, ಅದಕ್ಕೇನು... ಹ್ಮ್. ಅದೇ. ಅದೇ ಅತ್ತಿಗೆ, ಕಣ್ಣು ಮುಚ್ಚಿ ಹೇಳ್ತೀನಿ, ಒಂಚೂರೂ ವ್ಯತ್ಯಾಸ ಇಲ್ಲ. ಲವಂಗ ನೋಡಿ ಎಷ್ಟು ಮುಂದೆ ಇದೆ. ಆ ಬೇರಿನ ಕಹಿ, ಅಬ್ಬಾ, ಗಂಟಲವರೆಗೂ...

ಹಾಗೆ ನೋಡಬೇಡಿ.

ಅತ್ತಿಗೆ, ಹಾಗೆ ನೋಡಬೇಡಿ ನನ್ನ. ತಪ್ಪಾಗಿದ್ರೆ ಬೈರಿ. ಬೈದುಬಿಡಿ. ಚಪ್ಪಲಿ ಅಂಗಡಿಯವರಿಗೆ ಕೊಡ್ತೀನಿ ಅನ್ನಿ. ಸುಮ್ನೆ ಕೂತು ಈ ಥರ ಕಣ್ಣಲ್ಲಿ ನೀರು ತುಂಬ್ಕೊಂಡು... ಕರ್ಚೀಫು ಯಾಕೆ ಬಿಡಿಸಿಟ್ರಿ ಇಲ್ಲಿ? ಶಾಯಿ ಕಲೆ, ನೋಡಿದ್ದೀನಿ ಆಗಲೇ...

ಶಾಯಿ ಅಲ್ಲ.

ಇಟ್ಟಿಗೆ ಬಣ್ಣ.

ನೊರೆ ಪೂರ್ತಿ ಇಳಿದುಹೋಯ್ತು ನೋಡಿ ಗ್ಲಾಸಲ್ಲಿ. ಜಾಡಿಯಿಂದ ಸುರಿಯುವಾಗ ಚೆಲ್ಲಿದ್ದು ಈ ಒರೆಸೋ ಬಟ್ಟೆ ಮೇಲೆ ಬಿದ್ದಿದೆ, ಬರೀ ಕಂದು. ಅಣ್ಣನ ಬಿಟರ್ಸ್ ಬಿದ್ರೆ ಏಳು ಸಲ ತೊಳೆದ್ರೂ ಕೆಂಪು ಹೋಗ್ತಿರಲಿಲ್ಲ... ಜಾಡಿಯಲ್ಲಿರೋದು ಏನು ಅತ್ತಿಗೆ? ಯಾಕೆ ಒಲೆ ಕಡೆ ನೋಡ್ತೀರಿ? ಕೆಟಲ್... ಟೀನಾ? ಟೀ ಡಿಕಾಕ್ಷನ್ನಾ?

ನಾನು ಮಾರ್ಕೆಟ್ಟಿಗೆ ಹೋದಾಗ. ಹಿಂದಿನ ಬಾಗಿಲಿಂದ, ಅಣ್ಣನ ಬೀಗದ ಕೈ ತಗೊಂಡು.

ದಿನಾ ಜಾಡಿಯಿಂದ ಸ್ವಲ್ಪ ಕರ್ಚೀಫಿಗೆ ಹಾಕ್ಕೊಂಡು, ಅಷ್ಟಕ್ಕೆ ಟೀ ಸುರಿದು... ಮೂಗಿಗೆ ಹಿಡ್ಕೊಂಡು ಕೂರ್ತಿದ್ರಾ? ಇಲ್ಲಿ, ಈ ಸ್ಟೂಲ್ ಮೇಲೆ? ಬೆರಳಿನ ಗುರುತು ನಿಮ್ಮದು. ಗಂಟು ನಿಮ್ಮದು. ಐಸ್ ತರೋನಿಗೆ ಬಂದ ವಾಸನೆ... ಅಣ್ಣ ಬರ್ತಿರಲಿಲ್ಲ. ಒಂದು ದಿನವೂ ಬಂದಿಲ್ಲ ಅವನು. ನಾನು ಬಾಗಿಲಲ್ಲಿ ನಿಂತು ಕೆಮ್ತಿದ್ದೆನಲ್ಲ, ನೀವು ಅದನ್ನ ಕೇಳಿ ಮೇಲೆ ಹೋಗ್ತಿದ್ರಾ?

ಬಾಯಿಬಿಟ್ಟು ಹೇಳಕ್ಕೆ ಆಗದೆ ಈ ಷರತ್ತು ಹಾಕಿದ್ರಾ? ಗುಬ್ಬಿ ಜಾಡಿ ತೆಗೆದ್ರೆ ಸಾಕು, ಮೂಗಿಗೆ ಗೊತ್ತಾಗುತ್ತೆ, ಬೈತಾಳೆ, ನಿರಾಳ ಆಗುತ್ತೆ ಅಂತ ಬಂದು ಕೂತಿದ್ರಿ ನೀವು. ನಾನು ಟೀ ಮೂಸಿ, ಆಹಾ, ಅವನೇ, ಅಂದೆ.

ಹೌದು. ಇಲ್ಲ ನನಗೆ. ಆಸ್ಪತ್ರೆಯಿಂದ ಬಂದಾಗಿನಿಂದ ಇಲ್ಲ. ಉಪ್ಪು, ಹುಳಿ, ಸಿಹಿ ನಾಲಿಗೆಗೆ ಮಂಕಾಗಿ ಗೊತ್ತಾಗುತ್ತೆ, ವಾಸನೆ ಅಂತ ಒಂದೂ ಇಲ್ಲ. ಹಾಲು ಸೀದು ಹೊಗೆ ಬಂದ್ರೆ ಕಣ್ಣಲ್ಲಿ ನೋಡಿ ಓಡ್ತೀನಿ. ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಅವನ ಜಾಡಿ ಅಲ್ಲಿಗೆ ಮುಗೀತು ಅಲ್ವಾ, ಇನ್ನೊಂದು ಜಾಡಿ ಈ ಲೋಕದಲ್ಲಿ ಇಲ್ಲ. ಹೇಗಾದ್ರೂ ವಾಪಸ್ ಬರುತ್ತೆ ಅಂತ ಕಾದೆ. ಅವನು ಬರ್ತಾನಲ್ಲ ದಿನಾ, ಒಂದಲ್ಲ ಒಂದು ದಿನ ನನಗೂ ಆ ವಾಸನೆ ಸಿಗುತ್ತೆ, ಅಂತಿದ್ದೆ.

ಕೊಡಿ ಕರ್ಚೀಫು. ಇಲ್ಲ, ನೀವೇ ಹಿಡೀರಿ. ಇನ್ನೂ ಹತ್ತಿರ. ಮೂಗಿಗೆ ಒತ್ತಿ.

ಏನೂ ಇಲ್ಲ ಅತ್ತಿಗೆ. ಒದ್ದೆ ಬಟ್ಟೆ, ಅಷ್ಟೇ.

ಅಳಬೇಡಿ, ಬೈತಿಲ್ಲ ನಾನು. ಇಲ್ಲಿ ಬನ್ನಿ. ಆ ಸ್ಟೂಲ್ ಮೇಲೇ ಕೂತ್ಕೊಳ್ಳಿ, ದಿನಾ ಕೂರ್ತಿದ್ದ ಜಾಗ ತಾನೆ. ಬೇರು, ತೊಗಟೆ, ಲವಂಗ ಎಲ್ಲ ಇದೆ ಆ ಡಬ್ಬಗಳಲ್ಲಿ, ಯಾವುದು ಎಷ್ಟು ಅಂತ ಮಾತ್ರ ಗೊತ್ತಿಲ್ಲ. ಈ ಕರ್ಚೀಫಲ್ಲಿ ಅವನು ಇನ್ನೂ ಇದ್ದಾನೆ ಅಲ್ವಾ, ನಿಮಗೆ ಸಿಗ್ತಾನೆ ಅಲ್ವಾ? ಆರಿಹೋಗೋ ಮುಂಚೆ ಮೂಸಿ. ಕಣ್ಣು ಮುಚ್ಕೊಳ್ಳಿ. ಮೊದಲು ಏನು ಬರುತ್ತೆ ಹೇಳಿ, ಲವಂಗಾನಾ, ಕಿತ್ತಳೇನಾ?

ಮೂಗು ಕೊಡಿ, ಅತ್ತಿಗೆ.