ಸುಣ್ಣ ಹಚ್ಚುವ ಕೈ

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಶ್ರಾವ್ಯಾಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಮೂಕಾಂಬಿಕಾ ಎಂಬಾಕೆ ತನ್ನೂರಿನ ಪ್ರಭಾವತಕ್ಕನನ್ನು ವಿಚಾರಿಸುತ್ತಿದ್ದಳು. ಪ್ರಭಾವತಕ್ಕನ ಗಂಡ ಪಾರ್ಶ್ವರಾಜ ಆಚೆ ಬದಿಗೆ ಕೂತು, ಸರಿಯಾಗಿ ಮಡಚದ ಬಲಗೈ ಬೆರಳುಗಳಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ನಮ್ಮಮ್ಮಂಗೂ ಹೀಗೇ ಸ್ಟ್ರೋಕ್ ಆಗಿದೆ ಅಕ್ಕ. ನೀವು ಸಾಗರಕ್ಕೆ ಹೋಗಿದ್ದು ಫಿಸಿಯೋದವರ ಹತ್ರನಾ?”

“ಅಲ್ಲ. ಅವರೇ ನಂಬರ್ ಕೊಟ್ಟು ಕಳಿಸಿದ್ರು. ಸಾಗರದವರು ಆಕ್ಯುಪೇಷನಲ್ ಥೆರಪಿಸ್ಟ್ ಅಂತೆ.”

“ಅವರು ಏನ್ಮಾಡ್ತಾರೆ?”

“ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ ಅಂತ ಕೇಳಿದ್ರು. ಮೊದ್ಲು ಕವಳ ಹಾಕ್ತಿದ್ದೆ ಅಂದ್ರು ಇವರು. ಹಾಗಾದ್ರೆ ಮುಂದಿನ ಸಲ ಎಲೆಯಡಿಕೆ ಸಂಚಿ ತನ್ನಿ ಅಂದ್ರು. ಅದ್ರಲ್ಲೇ ಅಭ್ಯಾಸ.”

“ಅಷ್ಟೇನಾ?”

“ಅಂಗಿ ಗುಂಡಿ, ಊಟ, ಸ್ನಾನ, ಎಲ್ಲ ಹಾಗೇ. ಒಬ್ಬೊಬ್ಬರಿಗೆ ಅವರವರ ಕೆಲಸ.”

“ಮನೆಯವರು ಏನು ಮಾಡ್ಬೇಕು?”

“ಆರು ತಿಂಗಳು ನಾನೇ ಕವಳ ಕಟ್ಟಿ ಬಾಯಿಗಿಟ್ಟಿದ್ದೆ. ಇನ್ನು ನೀವು ಸುಮ್ನೆ ಕೂತ್ಕೊಳ್ಳಿ, ಅವರೇ ಮಾಡ್ಲಿ ಅಂದ್ರು ಥೆರಪಿಸ್ಟ್. ಅದೇ ಕಷ್ಟ ಮಾರಾಯ್ತಿ.”

ಅಷ್ಟರಲ್ಲಿ ಬಸ್ ಬಂತು. ಪಾರ್ಶ್ವರಾಜ ಸಂಚಿ ಕಟ್ಟಲು ಹೊರಟರು. ದಾರ ಜಾರಿತು.

“ಅಕ್ಕ, ನೀವೇ ಕಟ್ಟಿಬಿಡಿ. ಬಸ್ ಹೋಗ್ತದೆ.”

“ನೀನು ಹತ್ತು. ನಮಗೆ ಇನ್ನೊಂದು ಬರ್ತದೆ.”

ಮೂಕಾಂಬಿಕಾಳ ಹಿಂದೆಯೇ ಶ್ರಾವ್ಯಾಳೂ ಹತ್ತಿದಳು. ಬಸ್ ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದಳು. ದಾರ ಮತ್ತೆ ಜಾರಿತ್ತು. ಪ್ರಭಾವತಕ್ಕ ತಮ್ಮ ಎರಡೂ ಕೈಗಳನ್ನು ತೊಡೆಯಡಿ ಒತ್ತಿ ಹಿಡಿದುಕೊಂಡು ಕೂತಿದ್ದರು.