ಪಕ್ಕದ ಮಿಷನ್

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಾಕೆಯ ಕಣ್ಣಿಗೆ ಆಗಷ್ಟೇ ಔಷಧಿ ಹಾಕಿದ್ದರು. ಹೊಲಿಗೆ ಕಾರ್ಖಾನೆಯಲ್ಲಿ ಆಕೆ ಬಿಟ್ಟ ಸೂಪರ್‌ವೈಸರ್ ಕೆಲಸಕ್ಕೆ ಕಿರಿಯಳು ಬಂದಿದ್ದಾಳೆಂದು ಮಾತಿನಿಂದಲೇ ತಿಳಿಯಿತು.

"ನನ್ನ ಕೈಲಾಗಲ್ಲ ಅಕ್ಕಾ. ನಿಮ್ಮ ಹಾಗೇ ಗದರಿದೆ. ಹೊಸಬಳು ಅತ್ತುಬಿಟ್ಲು. ಕಾಲರೆಲ್ಲ ಸೊಟ್ಟ."

"ನಾನು ಯಾರನ್ನ ಗದರ್ತಿದ್ದೆ?"

"ಎಲ್ಲರನ್ನೂ."

"ಗುಂಡಿಗೆ ಕಾಜಾ ಹಾಕೋಳನ್ನ ಮಾತ್ರ ಕಣೇ. ಬೈದಿಲ್ಲ ಅಂದ್ರೆ ಅಕ್ಕನಿಗೆ ಕೋಪ ಬಂದಿದೆ ಅಂತ ಅವಳು ಊಟಾನೇ ಬಿಡ್ತಾಳೆ. ಕಟಿಂಗ್ ಮಾಸ್ಟರನ್ನ ಗದರಿದ್ದು ನೋಡಿದ್ದೀಯಾ?"

"ಇಲ್ಲ. 'ಹೀಗೆ ಮಾಡೋಣ್ವಾ?' ಅಂತ ಅವರನ್ನೇ ಕೇಳ್ತಿದ್ರಿ."

"ಹೊಸಬಳ ಬೆನ್ನ ಹಿಂದೆ ನಿಂತು ನೋಡ್ತೀಯಾ?"

"ನೋಡದೆ ಹೇಗಕ್ಕಾ?"

"ಅದಕ್ಕೇ ಅವಳ ಕೈ ನಡುಗುತ್ತೆ. ಪಕ್ಕದ ಮಿಷನ್ನಲ್ಲಿ ಕೂತು ನೀನೂ ಒಂದು ಕಾಲರ್ ಹೊಲಿ. ನಿಧಾನಕ್ಕೆ, ಬಾಯಿ ಮುಚ್ಕೊಂಡು. ಅವಳೇ ನೋಡಿ ಕಲೀತಾಳೆ."

ಕಿರಿಯಳು ಆಕೆಯ ಕಡೆ ತಿರುಗಿ ಕೂತಳು.

"ಅಕ್ಕಾ, ನಾನು ಸೇರಿದ ಹೊಸದ್ರಲ್ಲಿ, ನಿಮ್ಮ ಮಿಷನ್ ಕೆಟ್ಟಿದೆ ಅಂತ ನನ್ನ ಪಕ್ಕ ಬಂದು ಹೊಲೀತಿದ್ರಲ್ಲ..."

"ಹೂಂ."

"ಅದು ನಿಜವಾಗ್ಲೂ ಕೆಟ್ಟಿತ್ತಾ?"

"ಅದಕ್ಕೇನು ಧಾಡಿ? ಚೆನ್ನಾಗೇ ಇತ್ತು."

ನರ್ಸ್ ಬಂದು ಡಾಕ್ಟರ ಕೋಣೆಗೆ ಕರೆದಳು. ಹಿರಿಯಾಕೆ ಎದ್ದು, ಮಸುಕು ಕಣ್ಣಲ್ಲಿ ಬಾಗಿಲು ಹುಡುಕುತ್ತಾ ತಡವರಿಸಿದರು. ಕಿರಿಯಳು ರೆಟ್ಟೆ ಹಿಡಿದುಕೊಂಡಳು.

"ಬಿಡೇ, ನಾನೇನು ಮಗುನಾ?"

ಅವಳು ಕೈ ಬಿಟ್ಟಳು. ಆಮೇಲೆ ಅರ್ಧ ಹೆಜ್ಜೆ ಮುಂದೆ, ಬೇಕೆಂದೇ ಚಪ್ಪಲಿ ಸದ್ದು ಮಾಡುತ್ತಾ ನಿಧಾನವಾಗಿ ನಡೆದಳು. ಹಿರಿಯಾಕೆ ಆ ಸದ್ದು ಹಿಡಿದು ಬಾಗಿಲು ದಾಟಿದರು.