ಅಧ್ಯಕ್ಷರ ಎರಡು ಮಾತು

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಸೇವಾ ಸಂಘದ ಅಧ್ಯಕ್ಷರು ಊದಿದ ಕೆನ್ನೆ ಹಿಡಿದು ಕೂತಿದ್ದರು. ಜೊತೆಗೆ ಕಾರ್ಯದರ್ಶಿ.

"ಗುರುವಾರದ ಭಾಷಣಕ್ಕೆ ಯಾರ್ರೀ?"

"ಯಾರೂ ಒಪ್ತಿಲ್ಲ ಸಾರ್."

"ಯಾಕಂತೆ?"

"ಹೋದ ವಾರ ಹೃದಯದ ಡಾಕ್ಟರ್ ಪರಿಚಯಕ್ಕೆ ನೀವು ಮುಕ್ಕಾಲು ಗಂಟೆ ತಗೊಂಡ್ರಿ. ಅವರಿಗೆ ಸಿಕ್ಕಿದ್ದು ಐದೇ ನಿಮಿಷ."

"ದೊಡ್ಡೋರು ಬಂದಾಗ ಎರಡು ಮಾತು ಹೇಳ್ಬೇಡ್ವೇನ್ರೀ?"

"ಅದರಲ್ಲಿ ಅರ್ಧ ಗಂಟೆ ನಿಮ್ಮ ಆಪರೇಷನ್ ಕಥೆನೇ ಆಯ್ತಲ್ಲ ಸಾರ್."

"ಪರಿಚಯ ಅಧ್ಯಕ್ಷರ ಹಕ್ಕು. ಬಾಯಲ್ಲಿ ನಾಲಿಗೆ ಇರೋವರೆಗೂ ಬಿಟ್ಟುಕೊಡಲ್ಲ."

ನರ್ಸ್ ಬಾಗಿಲಿನಿಂದ ಇಣುಕಿದಳು. "ಒಳಗೆ ಬನ್ನಿ, ಹಲ್ಲು ಕೀಳ್ತಾರೆ. ಇಂಜೆಕ್ಷನ್ ಕೊಟ್ಮೇಲೆ ಎರಡು ಗಂಟೆ ಬಾಯಿ ತಿರುಗಲ್ಲ."

ಕಾರ್ಯದರ್ಶಿ ಥಟ್ಟನೆ ಎದ್ದು, ಅಧ್ಯಕ್ಷರ ರಟ್ಟೆ ಹಿಡಿದು ಹೊರಗೆ ನಡೆಸಿದರು.

"ಇವತ್ತು ಬೇಡ ಸಿಸ್ಟರ್. ಗುರುವಾರ ಸಂಜೆ ಐದಕ್ಕೆ ಕೀಳಿ. ಆರಕ್ಕೆ ಸಭೆ."